ಗುಡಿ ಎಲ್ಲಿಗೂ ಓಡಿ ಹೋಗಲ್ಲ

"ಕೋಲಾರ ತೋರಸ್ತೀಯೇನು ನಮಗ?" ಅಂತ ಅತ್ತಿಗೆ ಕೇಳಿದಾಗ ಒಂದು ನಿಮಿಷ ಸುಮ್ನೆ ಕೂತೆ. ಕ್ರಿಸ್‌ಮಸ್ ರಜೆಗೆ ಮಗನನ್ನು ಕರೆದುಕೊಂಡು ಧಾರವಾಡದಿಂದ ನಮ್ಮ ಮನೆಗೆ ಬಂದಿದ್ದರು. ಲಾಲ್‌ಬಾಗ್ ಆಗಿತ್ತು. ವಿಧಾನಸೌಧದ ಮುಂದೆ ಫೋಟೋ ಆಗಿತ್ತು. ಹುಡುಗನ ಆಸೆಗೆ ಮೆಟ್ರೋದಲ್ಲಿ ಆ ತುದಿಯಿಂದ ಈ ತುದಿಗೆ ಎರಡು ಸಲ ಓಡಾಡಿದ್ದೂ ಆಗಿತ್ತು. ಇನ್ನೊಂದು ದಿನ ಬಾಕಿ ಇತ್ತು. ನಮ್ಮ ಮದುವೆ ಬೆಂಗಳೂರಿನಲ್ಲೇ ಆದ್ದರಿಂದ ಅವರು ನನ್ನ ಕಡೆಯ ಊರನ್ನು ನೋಡಿಯೇ ಇಲ್ಲ. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಕೋಲಾರದಲ್ಲಿ ಏನು ತೋರಿಸೋದು? ಅಲ್ಲಿಗೆ ಹೋಗೋದು ಕೆಲಸಕ್ಕೆ ಅಲ್ವಾ?

ನಮ್ಮದು ವೇಮಗಲ್ ಕಡೆಯ ಒಂದು ಹಳ್ಳಿ. ನಮಗೆ ಕೋಲಾರ ಅಂದರೆ ಪೇಟೆ. ಮನೆಯಲ್ಲಿ ಯಾರೂ "ಕೋಲಾರಕ್ಕೆ ಹೋಗ್ತೀನಿ" ಅನ್ನುತ್ತಿರಲಿಲ್ಲ, "ಪೇಟೆಗೆ ಹೋಗಿಬರ್ತೀನಿ" ಅನ್ನುತ್ತಿದ್ದರು. ಟೊಮೆಟೊ ಮಂಡಿಯ ಹಳೆಯ ಚೀಟಿಯ ಹಿಂಭಾಗದಲ್ಲಿ ಅಪ್ಪ ಪಟ್ಟಿ ಬರೆದುಕೊಳ್ಳುತ್ತಿದ್ದರು. ಡಿಎಪಿ ಒಂದು ಮೂಟೆ, ಟ್ವೈನ್ ದಾರ, ಅಜ್ಜಿಯ ಕನ್ನಡಕದ ಕಡ್ಡಿ, ನನ್ನ ನೋಟ್‌ಬುಕ್ಕು. ಕೆಲಸ ಮುಗಿದ ಹಾಗೆ ಒಂದೊಂದರ ಮೇಲೂ ಗೀಟು ಬೀಳುತ್ತಿತ್ತು. ಎಲ್ಲಕ್ಕೂ ಗೀಟು ಬಿದ್ದರೆ ಒಂದು ಖಾಲಿ ದೋಸೆ, ಆಮೇಲೆ ಬಸ್ಸು.

ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಟ್ಟ ಪದ ಮೋಟರ್. ನಮ್ಮ ಬೋರ್‌ವೆಲ್ 1,200 ಅಡಿ. ಕರೆಂಟು ಏರುಪೇರಾದರೆ ಕೆಳಗಿದ್ದ ಮೋಟರ್ ಸುಟ್ಟು ಕೂರುತ್ತಿತ್ತು. ಅದನ್ನು ಮೇಲೆತ್ತಿಸಿ, ಟೆಂಪೋದಲ್ಲಿ ಹಾಕಿಕೊಂಡು ಪೇಟೆಯ ವೈಂಡಿಂಗ್ ಅಂಗಡಿಗೆ ತರಬೇಕು. ಬೇಸಿಗೆ ರಜೆಯಲ್ಲಾದರೆ ನಾನೂ ಜೊತೆಗೆ. ಅಂಗಡಿಯವನು ಸುಟ್ಟ ತಂತಿಯನ್ನೆಲ್ಲ ಕಿತ್ತು ಗುಡ್ಡೆ ಹಾಕುತ್ತಿದ್ದ. ಆಮೇಲೆ ಹೊಸ ತಂತಿಯನ್ನು ಆ ಉದ್ದದ ಕೊಳವೆಯೊಳಗಿನ ಸೀಳುಗಳಲ್ಲಿ ಒಂದೊಂದೇ ಸುತ್ತು ತೂರಿಸಿ, ಆಚೆ ಕಡೆಯಿಂದ ಎಳೆದು, ಮತ್ತೆ ಈಚೆಗೆ ತೂರಿಸಿ ಎಳೆಯುತ್ತಿದ್ದ. ಬಾಯಲ್ಲಿ ಲೆಕ್ಕ, ಅದೂ ತೆಲುಗಿನಲ್ಲಿ. ಬೆಳಿಗ್ಗೆ ಕೊಟ್ಟರೆ ಸಂಜೆ ಆಗುತ್ತಿತ್ತು. ಅಪ್ಪ ಮಾತ್ರ ಆ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಕಣ್ಣು ತಪ್ಪಿದರೆ ಹೊಸ ತಂತಿ ಅಂತ ಹಳೆಯದನ್ನು ಹಾಕಿಬಿಟ್ಟರೆ ಅನ್ನೋ ಭಯ.

ಆ ಬೆಂಚಿನಿಂದ ಒಂದು ಗೋಪುರದ ತುದಿ ಕಾಣುತ್ತಿತ್ತು.

"ಅದೇನಪ್ಪಾ?"

"ಸೋಮೇಶ್ವರನ ಗುಡಿ."

"ಹೋಗ್ಬರೋಣ್ವಾ?"

"ಗುಡಿ ಎಲ್ಲಿಗೂ ಓಡಿ ಹೋಗಲ್ಲ. ಬಸ್ ಹೋಗುತ್ತೆ."

ಹೀಗೆ ಸೋಮೇಶ್ವರನನ್ನು ನಾನು ನಲವತ್ತು ವರ್ಷ ನೋಡಲಿಲ್ಲ.

ಕೆ.ಆರ್. ಪುರದಲ್ಲಿ ಬಸ್ ಹತ್ತಿದೆವು. ನನಗೂ ಅತ್ತಿಗೆಗೂ ಸೊನ್ನೆ ಟಿಕೆಟ್, ಆರನೇ ಕ್ಲಾಸಿನ ಹುಡುಗನಿಗೆ ಅರ್ಧ. "ನಿಮಗಿಬ್ಬರಿಗೂ ಫ್ರೀ, ನನಗಷ್ಟೇ ರೊಕ್ಕ!" ಅಂತ ಅವನು ಹೊಸಕೋಟೆ ದಾಟುವವರೆಗೂ ಗೊಣಗಿದ. ನರಸಾಪುರದ ಕಾರ್ಖಾನೆಗಳು ಬಂದಾಗ ಕಿಟಕಿಗೆ ಮೂಗು ಒತ್ತಿ ಕೇಳಿದ, "ಮಾಮಿ, ಚಿನ್ನ ಎಲ್ಲದ?"

ಈ ಪ್ರಶ್ನೆ ಕೋಲಾರದವರಿಗೆಲ್ಲ ಅಭ್ಯಾಸ. ಎಲ್ಲಿ ಹೋದರೂ ಊರಿನ ಹೆಸರು ಹೇಳಿದ ತಕ್ಷಣ ಎದುರಿನವರ ಕಣ್ಣು ನಮ್ಮ ಕತ್ತು, ಕಿವಿಯ ಕಡೆ ಹೋಗುತ್ತೆ. ಹುಡುಗನಿಗೆ ಹೇಳಿದೆ: ಚಿನ್ನದ ಗಣಿ ಇರೋದು ಕೋಲಾರ ಪಟ್ಟಣದಲ್ಲಲ್ಲ, ಇನ್ನೂ ಮೂವತ್ತು ಕಿಲೋಮೀಟರ್ ಆಚೆ ಕೆಜಿಎಫ್‌ನಲ್ಲಿ. ಅದೂ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದಿದ್ದರು. ಆ ಗಣಿ ನಡೆಸೋಕೆ ಅಂತಲೇ 1902ರಲ್ಲಿ ಶಿವನಸಮುದ್ರದಿಂದ ಕರೆಂಟು ತಂದರು. ಅವನು ಅಷ್ಟನ್ನೂ ಕೇಳಿಸಿಕೊಂಡು, "ಅಂದ್ರ ಈಗ ಏನೂ ಇಲ್ಲ" ಅಂದ. ಅವನ ಮಟ್ಟಿಗೆ ಕೋಲಾರದ ಕತೆ ಅಲ್ಲಿಗೇ ಮುಗಿದಿತ್ತು.

ದಾರಿಯಲ್ಲಿ ಒಂದು ಕೆರೆ ಸಿಕ್ಕಿತು. ತುಂಬ ನೀರು. ಅತ್ತಿಗೆ, "ಎಷ್ಟ ಛಂದ ಅದ ನೋಡು, ನೀ ನೋಡಿದ್ರ ನಮ್ಮೂರು ಬರಗಾಲದ ಊರು ಅಂತಿ" ಅಂದರು. ಅದು ಬೆಂಗಳೂರಿನ ನೀರು ಅಂದೆ. ನಾವು ಅಲ್ಲಿ ಸ್ನಾನ ಮಾಡಿ, ಪಾತ್ರೆ ತೊಳೆದು ಬಿಟ್ಟಿದ್ದನ್ನೇ ಸಂಸ್ಕರಿಸಿ ಕೆಸಿ ವ್ಯಾಲಿ ಯೋಜನೆಯಲ್ಲಿ ಈ ಕಡೆಯ ಕೆರೆಗಳಿಗೆ ಪಂಪ್ ಮಾಡುತ್ತಾರೆ, 2018ರಿಂದ. ಇಡೀ ಜಿಲ್ಲೆಯಲ್ಲಿ ವರ್ಷ ಪೂರ್ತಿ ಹರಿಯೋ ಒಂದು ಹೊಳೆ ಇಲ್ಲ. ಈ ನೀರು ಒಳ್ಳೆಯದೋ ಕೆಟ್ಟದ್ದೋ ಅಂತ ಊರಲ್ಲಿ ಇನ್ನೂ ಜಗಳ ನಡೀತಾನೇ ಇದೆ. ಅಪ್ಪನೂ ದಿನಕ್ಕೊಂದು ಪಕ್ಷ. ಅತ್ತಿಗೆ ಸ್ವಲ್ಪ ಹೊತ್ತು ಕೆರೆಯನ್ನೇ ನೋಡಿ, "ಹಂಗಾರ ನಿಮ್ಮ ಬಚ್ಚಲ ನೀರು ನಮಗಿಂತ ಮೊದಲ ಇಲ್ಲಿಗೆ ಬಂದದ" ಅಂದರು.

ಕೋಲಾರಮ್ಮನ ಗುಡಿಗೆ ನಾನು ಒಂದೇ ಸಲ ಬಂದಿದ್ದು. ತಮ್ಮನಿಗೆ ಚೇಳು ಕಚ್ಚಿ ಹುಷಾರಾದ ಮೇಲೆ ಹರಕೆ ತೀರಿಸೋಕೆ. ಆಗಲೂ ಅಪ್ಪನ ಒಂದು ಕಣ್ಣು ವಾಚಿನ ಮೇಲೆ. ಹಾಗಾಗಿ ಈ ಸಲ ನನಗೂ ಹೆಚ್ಚುಕಡಿಮೆ ಹೊಸ ಜಾಗವೇ. ಗಂಗರ ಕಾಲದ ಗುಡಿ, ಚೋಳರ ಕಾಲದಲ್ಲಿ ಬೆಳೆದದ್ದು. ಕಲ್ಲಿನ ಮೇಲೆ ತಮಿಳು ಶಾಸನ. ಹುಡುಗ ಓದೋಕೆ ನೋಡಿ, ಒಂದಕ್ಷರವೂ ಗೊತ್ತಾಗದೆ, "ಇದು ಯಾವ ಕನ್ನಡ?" ಅಂದ.

ಅಮ್ಮನವರ ಉಗ್ರ ದೃಷ್ಟಿ ನೇರ ತಾಗಬಾರದು ಅಂತ ಎದುರಿಗೆ ಕನ್ನಡಿ ಇಟ್ಟಿದ್ದಾರೆ. ಕನ್ನಡಿಯಲ್ಲೇ ನೋಡಬೇಕು. ಅತ್ತಿಗೆಗೆ ಇದು ಗೊತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು, ಅಭ್ಯಾಸಬಲ, ಮೊದಲು ಕುಂಕುಮ ಸರಿ ಮಾಡಿಕೊಂಡರು. ಆಮೇಲೆ ತಮ್ಮ ಹೆಗಲ ಹಿಂದೆ ದೇವಿ ಕಂಡದ್ದೇ "ಅಯ್ಯ!" ಅಂತ ಕೈ ಮುಗಿದರು. ಪಕ್ಕದಲ್ಲಿದ್ದ ಅಜ್ಜಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ನನಗೆ ಮಾತ್ರ ಆ ನೋಟ ತುಂಬ ಹಿಡಿಸಿತು. ಒಂದೇ ಕನ್ನಡಿಯಲ್ಲಿ ಮುಂದೆ ಧಾರವಾಡದ ಅತ್ತಿಗೆ, ಹಿಂದೆ ನಮ್ಮ ಕೋಲಾರಮ್ಮ.

ಇಲ್ಲೇ ಚೇಳಮ್ಮನೂ ಇದ್ದಾಳೆ. ಅವಳಿಗೆ ನಡೆದುಕೊಂಡರೆ ಚೇಳಿನ ಕಾಟ ಇರಲ್ಲ ಅಂತ ನಂಬಿಕೆ. ಹೊಲದಲ್ಲಿ ಕಲ್ಲೆತ್ತಿದರೆ ಚೇಳು ಕಾಣೋ ಸೀಮೆಗೆ ಬೇಕಾದ ದೇವರೇ. ಹುಂಡಿ ನೆಲದೊಳಗಿದೆ. ಹಾಕಿದ ಕಾಣಿಕೆ ಕೆಳಕ್ಕೆ ಹೋಗುತ್ತೆ, ಸಾವಿರ ವರ್ಷದಿಂದ ಹೀಗೇ ಹಾಕುತ್ತಿದ್ದಾರೆ ಅನ್ನುತ್ತಾರೆ. ಅತ್ತಿಗೆ ಐದು ರೂಪಾಯಿ ಬಿಟ್ಟು, ಬಗ್ಗಿ ಕಿವಿ ಕೊಟ್ಟರು. "ಸಪ್ಪಳನ ಬರಲಿಲ್ಲಲ್ಲ!" ಇನ್ನೊಂದು ಬಿಟ್ಟರು. ಆಗಲೂ ಸರಿಯಾಗಿ ಕೇಳಲಿಲ್ಲವಂತೆ. ಮೂರನೆಯದಕ್ಕೆ ಪರ್ಸು ತೆಗೆಯುವಷ್ಟರಲ್ಲಿ ನಾನೇ ಕೈ ಹಿಡಿದು ಎಬ್ಬಿಸಿದೆ.

ಅಲ್ಲಿಂದ ಸೋಮೇಶ್ವರನ ಗುಡಿಗೆ ನಡೆದೇ ಹೋದೆವು. ಎತ್ತರದ ಗೋಪುರ, ಪುರಾತತ್ವ ಇಲಾಖೆಯ ಬೋರ್ಡು. 14ನೇ ಶತಮಾನದ, ವಿಜಯನಗರದವರ ಕೆಲಸ. ಕಲ್ಯಾಣ ಮಂಟಪದ ಕಂಬಗಳಲ್ಲಿ ಬೆರಳಿಡೋಕೂ ಜಾಗ ಬಿಡದ ಹಾಗೆ ಕೆತ್ತಿದ್ದಾರೆ. ಅತ್ತಿಗೆ ಬಾದಾಮಿ, ಪಟ್ಟದಕಲ್ಲು ಕಂಡ ಹೆಂಗಸು, ಸುಲಭಕ್ಕೆ ಹೊಗಳೋರಲ್ಲ. ಅವರೂ ಒಂದು ಕಂಬದ ಮುಂದೆ ಸುಮಾರು ಹೊತ್ತು ನಿಂತರು. ನಾನು ಜಗಲಿಯ ಮೇಲೆ ಕೂತೆ. ಕಲ್ಲು ತಣ್ಣಗಿತ್ತು. ಹೊರಗೆ ಬೈಕು, ಆಟೋ ಸದ್ದು. ಒಬ್ಬರು ತಾತ ಮಂಟಪದ ನೆರಳಲ್ಲಿ ಟವೆಲ್ ಹಾಸಿ ನಿದ್ದೆ ಹೊಡೆಯುತ್ತಿದ್ದರು. ತಲೆಗೆ ದಿಂಬಿನ ಬದಲು ಗೊಬ್ಬರದಂಗಡಿಯ ಹೆಸರಿದ್ದ ಕೈಚೀಲ. ಅವರೂ ಪೇಟೆಗೆ ಬಂದವರೇ, ಏನೋ ರಿಪೇರಿಗೆ ಕೊಟ್ಟು ಕಾಯುತ್ತಿರಬೇಕು ಅಂದುಕೊಂಡೆ. ಅಪ್ಪನಿಗೆ ಇದು ಯಾಕೆ ಹೊಳೆಯಲಿಲ್ಲವೋ.

ಗಂಗರಿಗೆ ಮೊದಲು ಕೋಲಾರವೇ ರಾಜಧಾನಿ, ಆಗ ಇದರ ಹೆಸರು ಕುವಳಾಲ. ಆಮೇಲೆ ತಲಕಾಡಿಗೆ ಹೋದರು. ಹೋದ ಮೇಲೂ ಶಾಸನಗಳಲ್ಲಿ ಕುವಳಾಲಪುರದ ಒಡೆಯರು ಅಂತಲೇ ಹೇಳಿಕೊಳ್ಳುತ್ತಿದ್ದರು. ಬೆಂಗಳೂರಿನಲ್ಲಿ ಹದಿನೆಂಟು ವರ್ಷದಿಂದ ಇದ್ದರೂ "ನಾವು ಕೋಲಾರದವರು" ಅನ್ನೋ ನನ್ನಂಥವರು ಆಗಲೂ ಇದ್ದರು ಅಂತಾಯ್ತು.

ಇನ್ನು ದೊಡ್ಡಪೇಟೆ. ಇದು ನನ್ನ ಜಾಗ. ಇಲ್ಲಿ ನಾನು ಗೈಡು.

ಅತ್ತಿಗೆ ಧಾರವಾಡದಿಂದ ಒಂದು ಇಳಕಲ್ ಸೀರೆ ಹೊತ್ತು ತಂದಿದ್ದರು. ಅದರ ಸೆರಗಿನ ಕೆಂಪಿಗೆ ಸರಿಹೊಂದೋ ಜಂಪರ್ ಬಟ್ಟೆ ಬೇಕು. ನಾವು ಬ್ಲೌಸ್ ಪೀಸ್ ಅಂದರೆ ಅವರು ಜಂಪರ್ ಅನ್ನುತ್ತಾರೆ. ಖಣ ಯಾಕೆ ಬೇಡ ಅಂದರೆ, ಖಣದ್ದು ಆಗಲೇ ಆರು ಇವೆಯಂತೆ. ಬೆಂಗಳೂರಿನ ಮೂರು ಅಂಗಡಿಗಳಲ್ಲಿ "ಇದೇ ಮ್ಯಾಚಿಂಗ್ ಮೇಡಂ" ಅಂತ ಮೂರು ಬೇರೆ ಬೇರೆ ಕೆಂಪು ತೋರಿಸಿದ್ದರು. ಒಂದರಲ್ಲೂ ಮನಸ್ಸು ನಿಂತಿರಲಿಲ್ಲ.

ದೊಡ್ಡಪೇಟೆಯ ಮ್ಯಾಚಿಂಗ್ ಸೆಂಟರ್ ನಾಲ್ಕು ಹೆಜ್ಜೆ ಅಗಲದ ಅಂಗಡಿ. ಗೋಡೆ ಪೂರ್ತಿ ಬಟ್ಟೆ ಸುರುಳಿ, ಬಿಳಿಯಿಂದ ಶುರುವಾಗಿ ಕಪ್ಪಿನ ತನಕ. ಅಂಗಡಿಯವರಿಗೆ ಅರವತ್ತು ದಾಟಿರಬೇಕು. ಸೀರೆ ಬಿಚ್ಚಿ ನೋಡಿದ್ದೇ ಬಣ್ಣ ಬಿಟ್ಟು ಸೆರಗು ಶುರುವಾಗೋ ಜಾಗಕ್ಕೆ ಕೈ ಹಾಕಿದರು.

"ಇದು ಜೋಡಿಸಿರೋದಲ್ವಾಮ್ಮಾ?"

"ಹೌದ್ರಿ. ಕೊಂಡಿ ಅಂತಾರ ಅದಕ್ಕ. ಮೈ ಬ್ಯಾರೆ, ಸೆರಗು ಬ್ಯಾರೆ. ಎಳಿಗೆ ಎಳಿ ಸೇರಸ್ತಾರ."

ಕನ್ನಡಕ ಏರಿಸಿ, ಆ ಗೆರೆಯ ಮೇಲೆ ಹೆಬ್ಬೆರಳು ಸವರಿದರು. ಎರಡು ಸಲ. "ಹೊಲಿಗೇನೇ ಇಲ್ಲ" ಅಂದರು, ತಮಗೆ ತಾವೇ. ಆಮೇಲೆ ಹಿಂದಿದ್ದ ಹುಡುಗನಿಗೆ, "ಆ ಎರ್ರದಿ ತೀಯ್ ರಾ" ಅಂದರು. ಕೆಂಪು ಬಂತು. ಬೇಡ. ಅದರ ಪಕ್ಕದ್ದು. ಬೇಡ. ಐದು ಕೆಂಪು ಸುರುಳಿ ಗಲ್ಲಾದ ಮೇಲೆ ಮಲಗಿದವು. ನನ್ನ ಕಣ್ಣಿಗೆ ಐದೂ ಒಂದೇ. ಅವರು ಎರಡನ್ನು ಆರಿಸಿ, ಸೀರೆಯ ಸೆರಗನ್ನೂ ಹಿಡಿದು, ಮೆಟ್ಟಿಲಿಳಿದು ಬೀದಿಗೆ ನಡೆದೇಬಿಟ್ಟರು. "ಟ್ಯೂಬ್‌ಲೈಟ್ ಸುಳ್ಳು ಹೇಳುತ್ತೆ ಅಮ್ಮಾ. ಇಲ್ಲಿ ನೋಡಿ." ಬಿಸಿಲಲ್ಲಿ ಒಂದು ಕೆಂಪು ಕಿತ್ತಳೆ ಕಡೆ ವಾಲಿತು. ಇನ್ನೊಂದು ಸೆರಗಿನ ಮೇಲೆ ಇಟ್ಟ ತಕ್ಷಣ ಅಂಚು ಕಾಣದಂತೆ ಸೇರಿಕೊಂಡಿತು. ಹಿಂದೆ ಒಂದು ಬೈಕು ಹಾರನ್ ಬಾರಿಸುತ್ತಲೇ ಇತ್ತು, ಯಾರೂ ಜರುಗಲಿಲ್ಲ.

"ಟೂ ಬೈ ಟೂ. ಒಂದು ಮೀಟರ್ ಹಾಕ್ಲಾ?"

"ಹಾಕ್ರಿ" ಅಂದರು ಅತ್ತಿಗೆ. ಮೂರು ಅಂಗಡಿಯ ಸಿಟ್ಟು ಆ ಒಂದು ಮಾತಲ್ಲಿ ಇಳಿಯಿತು.

ಮುಂದೆ ಒಂದು ಚಿನ್ನದಂಗಡಿ. ಅತ್ತಿಗೆ ತಮಾಷೆಗೆ, "ಕೋಲಾರದ್ದೇ ಬಂಗಾರ ಕೊಡ್ರಿ" ಅಂದರು. ಅವನು, "ಅಕ್ಕಾ, ನಾವೂ ಬೆಂಗಳೂರಿಂದಾನೇ ತರೋದು" ಅಂದ. ರೇಟು ಕೇಳಿ ಮರ್ಯಾದೆಯಾಗಿ ಎದ್ದು ಬಂದೆವು.

ಅವರೆಕಾಯಿ ಬಗ್ಗೆ ಮಾತ್ರ ನಾನು ರಾಜಿ ಆಗಲ್ಲ. ಡಿಸೆಂಬರಿನಲ್ಲಿ ಕೋಲಾರಕ್ಕೆ ಹೋಗಿ ಅವರೆಕಾಯಿ ತರದೆ ಬಂದರೆ ಅಮ್ಮ ನನ್ನನ್ನು ಮಗಳು ಅನ್ನಲ್ಲ. ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿದ್ದರು. ಒಂದು ಕಾಯಿ ಹಿಸುಕಿ ಬೆರಳು ಮೂಗಿಗೆ ಹಿಡಿದೆ. ಕೈಗೆ ಜಿಡ್ಡು ಅಂಟಬೇಕು, ಸೋಪು ಹಾಕಿದರೂ ವಾಸನೆ ಸುಲಭಕ್ಕೆ ಬಿಡಬಾರದು. ಅದೇ ಸೊಗಡು. ಅತ್ತಿಗೆಯ ಮೂಗಿಗೂ ಹಿಡಿದೆ. ಮುಖ ಸಿಂಡರಿಸಿದರು. ನಾಳೆ ಹಿತಕಿದ ಬೇಳೆ ಸಾರು ಉಂಡ ಮೇಲೆ ಮಾತಾಡಿ ಅಂತ ಮೂರು ಕಿಲೋ ತೂಗಿಸಿದೆ. ಕಾಯಿ ಸುಲಿದು, ನೆನೆಸಿ, ಒಂದೊಂದೇ ಹಿತಕೋರು ಯಾರು ಅಂತ ಆಗ ಯೋಚಿಸಲಿಲ್ಲ.

ಊಟ ಆಯ್ತು, ಮುದ್ದೆ ಊಟ. ಹುಡುಗ ಅನ್ನಕ್ಕೇ ಅಂಟಿಕೊಂಡ. ಆಮೇಲೆ ಆಟೋ ಹಿಡಿದು ಅಂತರಗಂಗೆ.

ಕೋಲಾರದ ಬೆನ್ನಿಗೆ ನಿಂತಿರೋದು ಶತಶೃಂಗ ಬೆಟ್ಟ. ಬರೀ ಗುಂಡು, ಒಂದರ ಮೇಲೊಂದು ಯಾರೋ ಇಟ್ಟು ಮರೆತುಹೋದ ಹಾಗೆ. ಅಂತರಗಂಗೆಗೆ ಮೆಟ್ಟಿಲು ಹತ್ತಬೇಕು. ಅತ್ತಿಗೆ ಮಂಡಿ ಹಿಡಿದುಕೊಂಡು, ಇಪ್ಪತ್ತಕ್ಕೊಮ್ಮೆ ನಿಂತು, ನಿಂತಾಗಲೆಲ್ಲ ಕೆಳಗಿನ ಊರು ನೋಡಿ "ಛೊಲೊ ಕಾಣ್ತದ" ಅಂದರು. ಕಾಶಿ ವಿಶ್ವೇಶ್ವರನ ಗುಡಿಯ ಹತ್ತಿರ ಕಲ್ಲಿನ ಬಸವ, ಅವನ ಬಾಯಿಂದ ನೀರು. ಬೆಟ್ಟದೊಳಗಿಂದ ಬರೋ ಊಟೆ, ವರ್ಷವಿಡೀ ನಿಲ್ಲಲ್ಲ. ನಾನು ಅದರ ಮುಂದೆ ಕೈಯೊಡ್ಡಿ ನಿಂತೆ. ಸಣ್ಣ ಧಾರೆ, ಹೆಬ್ಬೆರಳಿನಷ್ಟು ದಪ್ಪವೂ ಇರಲಿಲ್ಲ. 1,200 ಅಡಿ ಕೊರೆಸಿ, ಸಾಲ ಮಾಡಿ, ಎರಡು ವರ್ಷಕ್ಕೊಂದು ಮೋಟರ್ ಸುಡಿಸಿಕೊಂಡು ನಮ್ಮಪ್ಪ ಹುಡುಕಿದ್ದು ಇದನ್ನೇ. ಇಲ್ಲಿ ಇದು ಕೇಳದೇ ಬರುತ್ತಿತ್ತು. ಸ್ವಲ್ಪ ಹೊಟ್ಟೆ ಉರಿಯಿತು ಅಂದರೆ ಬಸವಣ್ಣ ತಪ್ಪು ತಿಳಿಯಬಾರದು.

ನಾನು ಹೀಗೆ ನೀರಿನ ಜೊತೆ ಲೆಕ್ಕ ಹಾಕುತ್ತಿರುವಾಗ ಹಿಂದಿನಿಂದ ಕೂಗು. "ಅಯ್ಯಯ್ಯ! ನನ್ನ ಜಂಪರ್!"

ಅಂತರಗಂಗೆಯಲ್ಲಿ ಕೋತಿಗಳಿವೆ, ಕವರ್ ಹಿಡಿದು ಹೋಗಬಾರದು. ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತಿರೋ ಈ ವಿಷಯ ಗೈಡಿಗೆ ಮರೆತಿತ್ತು. ಮೆಟ್ಟಿಲ ಬುಡದಲ್ಲಿ ಕೊಂಡ ಬೇಯಿಸಿದ ಕಡಲೆಕಾಯಿ ಪೊಟ್ಟಣವನ್ನು ಅತ್ತಿಗೆ ಬ್ಲೌಸ್ ಪೀಸಿನ ಕವರಿಗೇ ಹಾಕಿದ್ದರು. ಕೋತಿ ಕವರ್ ಕಿತ್ತು ಮರದ ಕೊಂಬೆ ಏರಿ ಕೂತಿತ್ತು. ಮೊದಲು ಕಡಲೆಕಾಯಿ ಒಂದೊಂದೇ ಬಿಡಿಸಿ ತಿಂದಿತು, ಯಾವ ಅವಸರವೂ ಇಲ್ಲ. ಆಮೇಲೆ ಬಟ್ಟೆಯ ಮಡಿಕೆ ಬಿಚ್ಚಿತು. ಮೂಸಿತು. ಹಲ್ಲಿಗೆ ಕೊಟ್ಟು ಎಳೆಯಿತು. ಪರ್ ಅಂತ ಸೀಳಿದ ಸದ್ದು ಕೆಳಗಿದ್ದ ನಮಗೂ ಕೇಳಿಸಿತು. ಅರ್ಧ ಭಾಗ ಕೊಂಬೆಗೆ ಸಿಕ್ಕಿಕೊಂಡು ಬಾವುಟದ ಹಾಗೆ ಹಾರಾಡಿತು. ಇಳಕಲ್ ಸೀರೆ ಹುಡುಗನ ಬೆನ್ನಿನ ಬ್ಯಾಗಿನಲ್ಲಿತ್ತು, ಪುಣ್ಯ. ಹುಡುಗನೋ ಹೊಟ್ಟೆ ಹಿಡಿದು ನಗುತ್ತಿದ್ದ. ಚಿನ್ನ ಸಿಗದ ಬೇಜಾರು ಅವನಿಗೆ ಅಲ್ಲಿ ತೀರಿತು.

ಕೆಳಗಿಳಿದು ವಾಪಸ್ ದೊಡ್ಡಪೇಟೆಗೆ. ಸಂಜೆ ಆಗಿತ್ತು, ಬೀದಿಯಲ್ಲಿ ಬಂಗಾರಪೇಟೆ ಪಾನಿಪುರಿಯ ಗಾಡಿಗಳು ಬಂದಿದ್ದವು. ನೀರು ಕುಡಿಯೋ ನೀರಿನಷ್ಟೇ ತಿಳಿ, ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತೆ. ಅತ್ತಿಗೆ ಎರಡು ಪ್ಲೇಟ್ ತಿಂದು ಸ್ವಲ್ಪ ಸಮಾಧಾನ ಮಾಡಿಕೊಂಡರು. ಮ್ಯಾಚಿಂಗ್ ಸೆಂಟರಿನವರು ನಮ್ಮನ್ನು ಮೆಟ್ಟಿಲ ಹತ್ತಿರ ಕಂಡದ್ದೇ, ನಾವು ಬಾಯಿ ಬಿಡೋ ಮೊದಲೇ ಕೇಳಿದರು, "ಅಂತರಗಂಗೆಗೆ ಹೋಗಿದ್ರಾ?"

ಸೀರೆ ತೆಗೆಯೋಕೆ ಹುಡುಗ ಬ್ಯಾಗಿಗೆ ಕೈ ಹಾಕಿದ. ಅವರು ಬೇಡ ಅಂದರು. ಅಷ್ಟೂ ಕೆಂಪು ಸುರುಳಿಗಳ ನಡುವಿನಿಂದ ನೋಡದೆಯೇ ಒಂದನ್ನು ಎಳೆದು, ಗಲ್ಲಾದ ಅಂಚಿಗೆ ಹೊಡೆದಿದ್ದ ಅಳತೆಪಟ್ಟಿಗೆ ಹಿಡಿದರು. ಒಂದು ಮೀಟರ್, ಮೇಲೆ ನಾಲ್ಕು ಬೆರಳು ಜಾಸ್ತಿ. ಕಾಸು ಮಾತ್ರ ಪೂರ್ತಿ ತಗೊಂಡರು. ವ್ಯಾಪಾರ ಅಂದಮೇಲೆ ಅಷ್ಟೇ ಅಲ್ವಾ.

ಬಸ್ಸಿನಲ್ಲಿ ಕೂತು ಅಪ್ಪನಿಗೆ ಫೋನ್ ಮಾಡಿದೆ. ಕೋಲಾರಕ್ಕೆ ಬಂದಿದ್ದೆ ಅಂದೆ.

"ಬಾಕ್ಸ್ ಎಷ್ಟು ಹೋಯ್ತಂತೆ?"

ಹದಿನೈದು ಕೆಜಿ ಟೊಮೆಟೊ ಬಾಕ್ಸಿನ ರೇಟು. ಅಪ್ಪನಿಗೆ ಕೋಲಾರದ ಸಮಾಚಾರ ಅಂದರೆ ಅದೊಂದೇ. 2023ರ ಜುಲೈಯಲ್ಲಿ ಬಾಕ್ಸು ಎರಡು ಸಾವಿರ ದಾಟಿದಾಗ ನಮ್ಮ ಹೊಲದಲ್ಲಿ ಒಂದು ಗಿಡವೂ ಇರಲಿಲ್ಲ. ಹಿಂದಿನ ಸಲ ಕೂಲಿಯೂ ಹುಟ್ಟಲಿಲ್ಲ ಅಂತ ರಾಗಿ ಹಾಕಿದ್ದರು. ಆವತ್ತಿನಿಂದ ಯಾರು ಕೋಲಾರಕ್ಕೆ ಹೋದರೂ ಮೊದಲು ಇದನ್ನೇ ಕೇಳೋದು.

ಮಂಡಿ ಕಡೆ ಹೋಗಲಿಲ್ಲ ಅಪ್ಪಾ, ಸುಮ್ನೆ ಊರು ನೋಡೋಕೆ ಬಂದಿದ್ವಿ, ಸೋಮೇಶ್ವರನ ಗುಡಿಗೆ ಹೋಗಿದ್ವಿ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಕಟ್ಟಾಯ್ತೇನೋ ಅಂದುಕೊಂಡೆ.

"ಒಳಗೆ ಹೆಂಗಿದೆ?" ಅಂದರು.

ಮಂಟಪ, ಕಂಬ, ತಣ್ಣನೆ ಜಗಲಿ, ನಿದ್ದೆ ಮಾಡುತ್ತಿದ್ದ ತಾತ, ಎಲ್ಲ ಹೇಳಿದೆ. ಹೂಂ ಹೂಂ ಅಂತ ಕೇಳಿಸಿಕೊಂಡರು.

"ಆ ವೈಂಡಿಂಗ್ ಅಂಗಡಿ ಇನ್ನೂ ಇದೆಯಾ?"

ಬಸ್ಸು ಆಗಲೇ ಊರ ಹೊರಗೆ ಬಂದಿತ್ತು. ಹುಡುಗ ಅವರೆಕಾಯಿ ಚೀಲದ ಮೇಲೆ ಕಾಲಿಟ್ಟು ನಿದ್ದೆ ಹೋಗಿದ್ದ.

"ನೋಡಲಿಲ್ಲ ಅಪ್ಪಾ" ಅಂದೆ. "ಬಸ್ಸಿಗೆ ಟೈಮಾಗಿತ್ತು."